ದಪ್ಪಕ್ಷರದ ಕೂದಲೆಳೆ ಗೆರೆ: ‘ಧಾರವಾಡ’ ಅಚ್ಚಿನಲ್ಲಿ ‘ದಾಂವಾಡ’ ಆದದ್ದು ಹೇಗೆ?

ವಿನ್ಯಾಸಕಿ, ಧಾರವಾಡ

ಕವನ ಸಂಕಲನವೊಂದರ ಮುಖಪುಟ, ಅದರ ಬಿಡುಗಡೆಯ ಆಮಂತ್ರಣ ಪತ್ರಿಕೆ, ಸಭಾಂಗಣದ ಹೊರಗೆ ಕಟ್ಟುವ ಫಲಕ, ಈ ಮೂರನ್ನೂ ಒಂದೇ ಅಕ್ಷರಶೈಲಿಯಲ್ಲಿ ಮಾಡಿಕೊಡಲು ಕಳೆದ ತಿಂಗಳು ಒಪ್ಪಿಕೊಂಡೆ. ರೋಮನ್ ಲಿಪಿಯಲ್ಲಿ ಬೊಡೋನಿ, ಡಿಡೋ ಎಂದು ಹೆಸರಾದ ಶೈಲಿಗಳ ದಪ್ಪ ರೂಪ ನನಗೆ ಬಹಳ ವರ್ಷಗಳಿಂದ ಪ್ರಿಯವಾದದ್ದು. ಅದರಲ್ಲಿ ನಿಂತ ಗೆರೆ ಕಂಬದಷ್ಟು ದಪ್ಪ, ಅಡ್ಡ ಗೆರೆ ಕೂದಲಿನಷ್ಟು ತೆಳು, ಮತ್ತು ಗೆರೆಯ ತುದಿಗೆ ಪಾದದಂತೆ ನಿಲ್ಲುವ ಸೆರಿಫ್ ಕೂಡ ಅಷ್ಟೇ ತೆಳು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಒಂದೇ ಎಳೆಯಲ್ಲಿ ಕಸೂತಿ ಹಾಕಿದಾಗ ಸೀರೆಯ ಕಪ್ಪೂ ಎಳೆಯ ನಾಜೂಕೂ ಒಂದನ್ನೊಂದು ಎತ್ತಿ ತೋರಿಸುತ್ತವಲ್ಲ, ಈ ಅಕ್ಷರಗಳ ಗುಣ ನನಗೆ ಹಾಗೆ ಕಾಣುತ್ತದೆ. ಅದೇ ಗುಣವನ್ನು ಕನ್ನಡಕ್ಕೆ ತರಬೇಕೆಂದು ಶೀರ್ಷಿಕೆಗೆ ಮತ್ತು ಊರಿನ ಹೆಸರಿಗೆ ಬೇಕಾದ ಅಕ್ಷರಗಳನ್ನು ನಾನೇ ಬರೆದೆ. ದಪ್ಪ ಗೆರೆಯನ್ನು ಅಕ್ಷರದಳತೆಯ ಶೇ. 20ರಷ್ಟು, ತೆಳು ಗೆರೆಯನ್ನು ಶೇ. 2ರಷ್ಟು ಇಟ್ಟೆ.

ಪರದೆಯ ಮೇಲೆ ಅದು ಕಣ್ಣು ಕೀಳಲಾಗದಷ್ಟು ಚೆಂದವಿತ್ತು. ಮುಖಪುಟದ ದೊಡ್ಡ ಶೀರ್ಷಿಕೆ ಅಚ್ಚಿನಲ್ಲಿಯೂ ಚೆನ್ನಾಗಿ ಬಂತು. ಆಮಂತ್ರಣ ಪತ್ರಿಕೆ ಮಾತ್ರ ಕೆಟ್ಟಿತು. ಗಾಢ ಕೆಂಪು ನೆಲದ ಮೇಲೆ ಬಿಳಿಯಾಗಿ, 10 ಪಾಯಿಂಟಿನಲ್ಲಿ ಕೂರಿಸಿದ್ದ ‘ಧಾರವಾಡ’ ಎಂಬ ಪದದಲ್ಲಿ ಧಕಾರದ ಅಡಿಯ ಗೀಟು ಮುಚ್ಚಿಹೋಗಿತ್ತು, ರಕಾರದ ತಲೆಕಟ್ಟು ಮಾಯವಾಗಿತ್ತು. ಪತ್ರಿಕೆ ಕೈಗೆ ಸಿಕ್ಕ ಹಿರಿಯರೊಬ್ಬರು ‘ದಾಂವಾಡ ಯಾವ ಊರವ್ವಾ?’ ಎಂದು ನಿಜವಾಗಿಯೂ ತಿಳಿಯದೆ ಕೇಳಿದರು. ಐನೂರು ಪ್ರತಿ ಆಗಲೇ ಹಂಚಿಹೋಗಿದ್ದವು, ನನಗೆ ಎರಡು ದಿನ ಊಟ ಸೇರಲಿಲ್ಲ.

ಫಲಕ ಇನ್ನೂ ಆಗಬೇಕಿದೆ. ಆದ್ದರಿಂದ ಬಲ್ಲವರನ್ನು ಕೇಳುತ್ತಿದ್ದೇನೆ: ತಪ್ಪು ಅಚ್ಚಿನದೋ, ನಾನು ಬರೆದ ಅಕ್ಷರದ್ದೋ, ಅಥವಾ ಈ ಶೈಲಿಯೇ ಕನ್ನಡಕ್ಕೆ ಒಗ್ಗದ್ದೋ?

ಮೊಳೆ ಜೋಡಿಸಿದವ, ಗದಗ

ನಮ್ಮ ಊರನ್ನು ಮುದ್ರಣ ಕಾಶಿ ಎಂದು ಕರೆಯುತ್ತಿದ್ದ ಕಾಲದಲ್ಲಿ ಕೈಯಿಂದ ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸಿ ಬೆಳೆದವನು ನಾನು, ಆಮೇಲೆ ಆಫ್‌ಸೆಟ್ ಯಂತ್ರವನ್ನೂ ನಡೆಸಿದೆ. ಎರಡನ್ನೂ ಕಂಡಿರುವುದರಿಂದ ಒಂದು ಮಾತನ್ನು ಧೈರ್ಯವಾಗಿ ಹೇಳಬಲ್ಲೆ. ತಪ್ಪನ್ನು ಅಚ್ಚಿನ ಮನೆಯ ಮೇಲೆ ಹಾಕುವ ಮೊದಲು ನೀವು ನೋಡಿ ಕಲಿತ ಅಕ್ಷರ ಯಾವ ಕಾಲದ್ದು, ಯಾವ ಕಾಗದದ್ದು ಎಂದು ವಿಚಾರಿಸಬೇಕು.

ಮೊಳೆಯ ಅಚ್ಚಿನಲ್ಲಿ ಶಾಯಿ ಹಚ್ಚಿದ ಲೋಹ ಕಾಗದವನ್ನು ಒತ್ತುತ್ತದೆ. ಒತ್ತಿದಾಗ ಶಾಯಿ ಮೊಳೆಯ ಅಂಚಿನಿಂದ ಸ್ವಲ್ಪ ಹೊರಗೆ ಹಿಂಡುತ್ತದೆ, ಹಾಗಾಗಿ ಲೋಹದಲ್ಲಿ ಇದ್ದುದಕ್ಕಿಂತ ಕಾಗದದಲ್ಲಿ ಗೆರೆ ದಪ್ಪವಾಗಿ ಬರುತ್ತದೆ. ಹಳಬರು ಇದನ್ನು ತಿಳಿದೇ ತೆಳು ಗೆರೆಯನ್ನು ಇನ್ನಷ್ಟು ತೆಳುವಾಗಿ ಕೊರೆಯುತ್ತಿದ್ದರು. ಈಗ ಆ ಲೋಹದ ಆಕಾರವನ್ನೇ ಗಣಕಕ್ಕೆ ಇಳಿಸಿ, ಕಾಗದದೊಳಗೆ ಹಾಗೆ ಒತ್ತದ ಆಫ್‌ಸೆಟ್‌ನಲ್ಲಿ ಹಾಕಿದರೆ ಶಾಯಿಯಿಂದ ಬರಬೇಕಾಗಿದ್ದ ಆ ಮೈ ಗೆರೆಗೆ ಅಷ್ಟಾಗಿ ಬರುವುದಿಲ್ಲ.

ಬಣ್ಣದ ನೆಲದ ಮೇಲೆ ಬಿಳಿ ಅಕ್ಷರ ಬಿಟ್ಟಾಗ ಕಥೆ ತಿರುಗುತ್ತದೆ. ಅಲ್ಲಿ ಹರಡುವ ಶಾಯಿ ಅಕ್ಷರವನ್ನು ದಪ್ಪ ಮಾಡುವುದಿಲ್ಲ, ನಾಲ್ಕೂ ಕಡೆಯಿಂದ ತಿನ್ನುತ್ತದೆ. ನಿಮ್ಮ ಗಾಢ ಕೆಂಪು ಒಂದೇ ಶಾಯಿಯದಾಗಿರಲಿಕ್ಕಿಲ್ಲ. ಎರಡು ಮೂರು ಬಣ್ಣ ಒಂದರ ಮೇಲೊಂದು ಬಿದ್ದು ಆದ ಕೆಂಪಾಗಿದ್ದರೆ, ಅವುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದರೂ ಕೂದಲೆಳೆಯಷ್ಟೇ ಇರುವ ಬಿಳಿ ಗೆರೆ ಮುಚ್ಚಿಹೋಗುತ್ತದೆ. ಕಾಗದ ಲೇಪನವಿಲ್ಲದ ಮ್ಯಾಪ್‌ಲಿಥೋ ಆಗಿದ್ದರೆ ಕೇಳುವುದೇ ಬೇಡ.

ದೊಡ್ಡ ಅಕ್ಷರಕ್ಕೆ ನಮ್ಮಲ್ಲಿ ಮರದ ಮೊಳೆಗಳಿದ್ದವು. ತೋಂಟದಾರ್ಯ ಜಾತ್ರೆಗೆ ನಾಟಕ ಕಂಪನಿಗಳು ಕ್ಯಾಂಪ್ ಹಾಕಿದಾಗ ಗೋಡೆಗೆ ಹಚ್ಚುವ ಭಿತ್ತಿಪತ್ರಗಳನ್ನು ಎರಡು ಬಣ್ಣದಲ್ಲಿ ಅವುಗಳಿಂದಲೇ ಹೊಡೆಯುತ್ತಿದ್ದೆವು. ಮರದ ಮೊಳೆಯಲ್ಲಿ ಯಾರೂ ಕೂದಲೆಳೆ ಗೆರೆ ಕೊರೆಯುತ್ತಿರಲಿಲ್ಲ, ಏಕೆಂದರೆ ಅದು ಹತ್ತು ಸಲ ಒತ್ತುವುದರೊಳಗೆ ಮುರಿಯುತ್ತಿತ್ತು. ಆದರೂ ಆ ಅಕ್ಷರಗಳಲ್ಲಿ ದಪ್ಪ ತೆಳುವಿನ ಆಟ ಇತ್ತು, ಮತ್ತು ಬಸ್ಸಿನ ಕಿಟಕಿಯಿಂದಲೂ ನಾಟಕದ ಹೆಸರು ಓದಲು ಬರುತ್ತಿತ್ತು.

ಕನ್ನಡ ಮಾಸ್ತರ, ಹಾವೇರಿ

ಅಚ್ಚಿನ ವಿಷಯ ನಾನು ಅರಿಯೆ. ಆದರೆ ಮೂರನೆಯ ಪ್ರಶ್ನೆಗೆ, ಅಂದರೆ ಶೈಲಿ ಲಿಪಿಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದಕ್ಕೆ, ಉತ್ತರ ವ್ಯಾಕರಣದ ಪಾಠದಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ರೋಮನ್ ಅಕ್ಷರದ ಸೆರಿಫ್‌ಗೆ ಸ್ವಂತ ಉಚ್ಚಾರವಿಲ್ಲ. ಅದನ್ನು ತೆಗೆದರೂ ಅಕ್ಷರ ಅದೇ ಆಗಿರುತ್ತದೆ, ಹಾಗಾಗಿ ಅದನ್ನು ಎಷ್ಟು ತೆಳುವಾಗಿಸಿದರೂ ಓದಿಗೆ ದೊಡ್ಡ ಕೇಡಿಲ್ಲ. ನಮ್ಮ ತಲೆಕಟ್ಟನ್ನು ನೋಡಿದವರು ಅದೂ ಒಂದು ಬಗೆಯ ಸೆರಿಫ್ ಎಂದುಕೊಳ್ಳುತ್ತಾರೆ, ಮತ್ತು ನೀವೂ ಹಾಗೆಯೇ ತಿಳಿದು ಅದಕ್ಕೆ ಶೇ. 2ರ ಗೆರೆ ಕೊಟ್ಟಿರಬೇಕು. ಆದರೆ ಮಕ್ಕಳಿಗೆ ನಾವು ಕಲಿಸುವುದು ಏನು? ‘ಕ’ಕಾರಕ್ಕೆ ತಲೆಕಟ್ಟಿದ್ದರೆ ಅದರಲ್ಲಿ ‘ಅ’ ಇದೆ. ಗುಡಿಸು ಬಂದರೆ ತಲೆಕಟ್ಟು ಹೋಗಿ ‘ಕಿ’ ಆಗುತ್ತದೆ. ಸ್ವರವೇ ಇಲ್ಲದಿದ್ದರೆ ತಲೆಕಟ್ಟಿನ ಜಾಗದಲ್ಲಿ ಬೇರೆ ಚಿಹ್ನೆ ಬಂದು ‘ಕ್’ ಆಗುತ್ತದೆ. ಅಂದರೆ ತಲೆಕಟ್ಟು ಅಲಂಕಾರವಲ್ಲ, ಅದು ಸ್ವರದ ಗುರುತು. ‘ರ’ ಮತ್ತು ಸೊನ್ನೆಯ ನಡುವೆ ಇರುವ ವ್ಯತ್ಯಾಸವೆಲ್ಲ ಆ ಒಂದು ತಲೆಕಟ್ಟಿನಲ್ಲಿದೆ. ಅದನ್ನು ಅಳಿಸಿದರೆ ‘ಹರ’ ಹೋಗಿ ‘ಹಂ’ ಉಳಿಯುತ್ತದೆ.

ಅಡಿಯ ಗೀಟಿನದೂ ಇದೇ ಮಾತು. ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ, ಇವುಗಳಲ್ಲಿ ಅಲ್ಪಪ್ರಾಣವನ್ನು ಮಹಾಪ್ರಾಣದಿಂದ ಬೇರೆ ಮಾಡುವುದು ಒಂದು ಸಣ್ಣ ಗೀಟು. ಹೊಟ್ಟೆ ಸೀಳಿದ ಷಕಾರದ ಒಳಗೆರೆ ಮಾಸಿದರೆ ಅದು ಪಕಾರವಾಗಿ ‘ಭಾಷೆ’ ಎಂಬುದು ‘ಭಾಪೆ’ ಆಗುತ್ತದೆ. ನಮ್ಮ ಲಿಪಿಯಲ್ಲಿ ಅತಿ ಚಿಕ್ಕ ಗೆರೆಗಳೇ ಅರ್ಥದ ದೊಡ್ಡ ಭಾರವನ್ನು ಹೊತ್ತಿವೆ. ‘ಧಾರವಾಡ’ ಎಂಬ ಪದದಲ್ಲಿ ಗೀಟೂ ಇದೆ, ತಲೆಕಟ್ಟಿನ ರಕಾರವೂ ಇದೆ, ಎರಡೂ ಒಟ್ಟಿಗೆ ಬಿದ್ದವು.

ಇನ್ನೊಂದು ಮಾತು. ತಾಳೆಗರಿಯ ಮೇಲೆ ಕಂಟವೆಂಬ ಕಬ್ಬಿಣದ ಮೊನೆಯಿಂದ ಗೀಚಿ ಮಸಿ ಒರೆಸಿದಾಗ ಬರುವ ಗೆರೆ ಒಂದೇ ದಪ್ಪದ್ದು. ಕಪ್ಪು ಬಟ್ಟೆಯ ಕಡತದ ಮೇಲೆ ಬಳಪದಲ್ಲಿ ಬರೆದದ್ದೂ ಹಾಗೆಯೇ. ಲಕ್ಕುಂಡಿಗೆ ಹೋದಾಗಲೆಲ್ಲ ಅಲ್ಲಿನ ಶಾಸನಗಳ ಮುಂದೆ ನಾನು ನಿಲ್ಲುತ್ತೇನೆ. ಉಳಿ ಕೊರೆದ ಆ ದುಂಡಕ್ಷರಗಳಲ್ಲಿಯೂ ಗೆರೆ ಹೆಚ್ಚುಕಡಿಮೆ ಸಮವಾಗಿಯೇ ನಡೆಯುತ್ತದೆ. ಹತ್ತು ಪಟ್ಟು ದಪ್ಪ ತೆಳುವಿನ ಅಂತರ ಈ ಲಿಪಿಯ ಹುಟ್ಟುಗುಣವಲ್ಲ. ಆದ್ದರಿಂದ ಈ ಶೈಲಿ ಕನ್ನಡಕ್ಕೆ ಬೇಡವೆಂದೇ ನನ್ನ ಅಭಿಪ್ರಾಯ.

ವಿನ್ಯಾಸಕಿ, ಧಾರವಾಡ

ಮಾಸ್ತರರೇ, ತಲೆಕಟ್ಟಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಪ್ಪತ್ತು ವರ್ಷ ಕನ್ನಡ ಅಕ್ಷರ ಬರೆದರೂ ಅದನ್ನು ನಾನು ಸೆರಿಫ್‌ನ ಕಣ್ಣಿನಿಂದಲೇ ನೋಡುತ್ತಿದ್ದೆ ಎಂಬುದು ನಿಜ.

ಆದರೆ ಕೊನೆಯ ಮಾತನ್ನು ನಾನು ಒಪ್ಪಲಾರೆ. ಹುಟ್ಟುಗುಣದ ಲೆಕ್ಕ ಹಿಡಿದರೆ ಈ ಶೈಲಿ ರೋಮನ್ ಲಿಪಿಗೂ ಹುಟ್ಟಿನಿಂದ ಬಂದದ್ದಲ್ಲ. ಅಗಲ ಮೊನೆಯ ಲೇಖನಿಯಿಂದ ಬರೆದಾಗ ಗೆರೆ ಹೊರಳಿದಂತೆ ದಪ್ಪ ತೆಳು ಆಗುತ್ತಿತ್ತು, ಅಂತರ ಸೌಮ್ಯವಾಗಿತ್ತು. ಚೂಪು ಮೊನೆಯ, ಒತ್ತಿದರೆ ಅರಳುವ ಲೇಖನಿ ಬಂದ ಮೇಲೆ ಒತ್ತಿದಲ್ಲಿ ದಪ್ಪ, ಬಿಟ್ಟಲ್ಲಿ ಎಳೆ ಎಂಬ ಬರವಣಿಗೆ ಬೆಳೆಯಿತು. ತಾಮ್ರದ ತಗಡಿನ ಮೇಲೆ ಕೊರೆಯುವವರು ಅದನ್ನು ಇನ್ನಷ್ಟು ಚೂಪು ಮಾಡಿದರು. 1757ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾಸ್ಕರ್‌ವಿಲ್ ತನ್ನ ಮೊದಲ ಪುಸ್ತಕಕ್ಕೆ ನಯವಾದ ಹೊಸ ಬಗೆಯ ಕಾಗದವನ್ನು ಬಳಸಿದ್ದರಿಂದಲೇ ತೆಳು ಗೆರೆ ಅಚ್ಚಿನಲ್ಲಿ ನಿಲ್ಲತೊಡಗಿತು. ಆಮೇಲೆ ಪ್ಯಾರಿಸ್ಸಿನಲ್ಲಿ ಡಿಡೋ ಮನೆತನ, ಪಾರ್ಮಾದಲ್ಲಿ ಜಾಂಬತಿಸ್ತ ಬೊಡೋನಿ ಅದನ್ನು ಕೊನೆಯ ಅಂಚಿಗೆ ಒಯ್ದರು. ಬೊಡೋನಿ 1813ರಲ್ಲಿ ತೀರಿಕೊಂಡ ಮೇಲೆ ಆತನ ಅಕ್ಷರಗಳ ದೊಡ್ಡ ಮಾದರಿ ಸಂಪುಟವನ್ನು ಹೆಂಡತಿ 1818ರಲ್ಲಿ ಹೊರತಂದಳು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಲಾಟರಿಯ ಮತ್ತು ನಾಟಕದ ಭಿತ್ತಿಪತ್ರಗಳಿಗಾಗಿ ದಪ್ಪ ಗೆರೆಯನ್ನು ಉಬ್ಬಿಸಿ, ತೆಳುವನ್ನು ತೆಳುವಾಗಿಯೇ ಬಿಟ್ಟ ಸ್ಥೂಲ ರೂಪ ಬಂತು. ನನ್ನ ಪ್ರೀತಿಯ ದಪ್ಪಕ್ಷರದ ಮೂಲ ಅಲ್ಲಿದೆ. ಉಪಕರಣ, ಕಾಗದ, ಅಗತ್ಯ, ಇವು ಕೂಡಿದಾಗ ಒಂದು ಲಿಪಿ ಹೊಸ ಗುಣ ಪಡೆಯುತ್ತದೆ. ಕನ್ನಡಕ್ಕೆ ಮಾತ್ರ ಆ ಬಾಗಿಲು ಮುಚ್ಚಿದೆ ಎಂದು ಹೇಗೆ ಹೇಳುವುದು? 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಕಲ್ಲಚ್ಚಿನಲ್ಲಿ ಬಂದಾಗಲೇ ತಾಳೆಗರಿಯ ಸಮ ಗೆರೆಯನ್ನು ನಾವು ಹಿಂದೆ ಬಿಟ್ಟಿದ್ದೆವಲ್ಲವೇ?

ಅಳತೆಗಾರ, ವಿದ್ಯಾನಗರ, ಹುಬ್ಬಳ್ಳಿ

ಅಭಿಪ್ರಾಯಕ್ಕೆ ಮೊದಲು ಲೆಕ್ಕ ಹಾಕೋಣ. 1 ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ, ಸುಮಾರು 0.35 ಮಿ.ಮೀ. ಮುಖಪುಟದ ಶೀರ್ಷಿಕೆ 72 ಪಾಯಿಂಟ್ ಇದ್ದಿದ್ದರೆ ಅಕ್ಷರದಳತೆ 25.4 ಮಿ.ಮೀ., ಅದರ ಶೇ. 2 ಎಂದರೆ ಸುಮಾರು 0.5 ಮಿ.ಮೀ. ಯಾವ ಯಂತ್ರಕ್ಕೂ ಅದು ಸುಲಭ. ಆಮಂತ್ರಣದ 10 ಪಾಯಿಂಟಿನಲ್ಲಿ ಅದೇ ಶೇ. 2 ಎಂದರೆ 0.07 ಮಿ.ಮೀ. ಇಂಚಿಗೆ 300 ಚುಕ್ಕೆಯ ಚಿತ್ರವಾಗಿ ಕಳಿಸಿದ್ದರೆ ಒಂದು ಚುಕ್ಕೆಯೇ 0.085 ಮಿ.ಮೀ. ಇರುತ್ತದೆ. ನಿಮ್ಮ ಗೆರೆ ಒಂದು ಚುಕ್ಕೆಗಿಂತಲೂ ಕಿರಿದಾಗಿತ್ತು, ಅದು ಉಳಿದಿದ್ದರೆ ಆಶ್ಚರ್ಯ.

ಫಲಕದಲ್ಲಿ ಯಂತ್ರದ ತೊಡಕಿಲ್ಲ, ಕಣ್ಣಿನ ತೊಡಕಿದೆ. ಆರೋಗ್ಯವಾದ ಕಣ್ಣು ಗೆರೆಯನ್ನೂ ಅದರ ಪಕ್ಕದ ಖಾಲಿಯನ್ನೂ ಬೇರೆಯಾಗಿ ಗುರುತಿಸಬೇಕಾದರೆ ಆ ಗೆರೆ ಕಣ್ಣಿನಲ್ಲಿ ಸುಮಾರು 1 ಕಲೆಯಷ್ಟು, ಅಂದರೆ ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನ ಮಾಡಬೇಕು. ಕಣ್ಣಿನ ಡಾಕ್ಟರರು ಗೋಡೆಗೆ ತೂಗುಹಾಕುವ ಅಕ್ಷರಗಳ ಅಳತೆ ಇದೇ ಲೆಕ್ಕದ ಮೇಲೆ ನಿಂತಿದೆ. 10 ಮೀಟರ್ ದೂರದಲ್ಲಿ 1 ಕಲೆ ಎಂದರೆ ಸುಮಾರು 3 ಮಿ.ಮೀ., 20 ಮೀಟರಿನಲ್ಲಿ ಸುಮಾರು 6 ಮಿ.ಮೀ. ನಿಮ್ಮ ಶೇ. 2ರ ಗೆರೆ 20 ಮೀಟರಿನಿಂದ ಕಾಣಬೇಕಾದರೆ ಅಕ್ಷರ ಸುಮಾರು 30 ಸೆಂ.ಮೀ., ಅಂದರೆ ಒಂದಡಿ ಎತ್ತರ ಇರಬೇಕು. ಆರು ಇಂಚಿನ ಅಕ್ಷರ ಬರೆಸುವುದಾದರೆ ತೆಳು ಗೆರೆಯನ್ನು ಕನಿಷ್ಠ ಎರಡು ಪಟ್ಟು ಮಾಡಿ. ಸಂಜೆಯ ಬೆಳಕು ಮತ್ತು ವಯಸ್ಸಾದ ಕಣ್ಣುಗಳನ್ನು ಸೇರಿಸಿದರೆ ಮೂರು ಪಟ್ಟು ಎನ್ನುತ್ತೇನೆ.

ಫಲಕ ಬರೆಯುವವ, ಹಳೇ ಹುಬ್ಬಳ್ಳಿ

ಮೂರು ಪಟ್ಟು ಎಂಬ ಅಳತೆಗಾರರ ಮಾತು ನನ್ನ ಕುಂಚದ ಅನುಭವಕ್ಕೆ ಹತ್ತಿರವಾಗಿದೆ. ಅಂಗಡಿಗಳ ಷಟರ್ ಮೇಲೆ ಬರೆಯುವಾಗ ತೆಳುವಾದ ಅಡ್ಡ ಗೆರೆ ಷಟರಿನ ಮಡಿಕೆಯೊಳಗೆ ಬಿದ್ದರೆ ಎದುರಿನಿಂದ ಕಾಣುವುದೇ ಇಲ್ಲ, ಆದ್ದರಿಂದ ತಲೆಕಟ್ಟನ್ನು ಯಾವಾಗಲೂ ಮಡಿಕೆಯ ಉಬ್ಬಿನ ಮೇಲೆ ಕೂರಿಸಿ, ದಪ್ಪ ಗೆರೆಯ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಮಾಡದೆ ಬರೆಯುತ್ತೇನೆ. ನಮ್ಮ ಊರಿನ ಹೆಸರಿನ ತೊಂದರೆ ಧಾರವಾಡದ್ದಕ್ಕಿಂತ ಬೇರೆ. ‘ಹುಬ್ಬಳ್ಳಿ’ಯಲ್ಲಿ ಎರಡು ಒತ್ತು ಅಕ್ಕಪಕ್ಕ ಬರುತ್ತವೆ. ದಪ್ಪಕ್ಷರದಲ್ಲಿ ಮೇಲಿನ ಬಕಾರವನ್ನೇ ಚಿಕ್ಕದು ಮಾಡಿ ಕೆಳಗೆ ಇಟ್ಟರೆ ಅದರ ತೆಳು ಗೆರೆ ಇನ್ನೂ ತೆಳುವಾಗುತ್ತದೆ, ದಪ್ಪ ಗೆರೆ ಒಳಗಿನ ಖಾಲಿಯನ್ನು ತುಂಬುತ್ತದೆ. ಒತ್ತನ್ನು ಬೇರೆಯದೇ ಅಕ್ಷರ ಎಂದು ತಿಳಿದು, ಅದರ ಅಳತೆಗೆ ತಕ್ಕ ಹೊಸ ಗೆರೆಯಲ್ಲಿ ಬರೆಯಬೇಕು. ‘ಗದಗ’ ಬರೆಯುವವನಿಗೆ ಈ ಕಷ್ಟ ಯಾವುದೂ ಇಲ್ಲ. ಒತ್ತಿಲ್ಲ, ದೀರ್ಘವಿಲ್ಲ, ಮೂರೂ ಅಕ್ಷರ ತೆರೆದ ಹೊಟ್ಟೆಯವು.

ವಿನ್ಯಾಸ ವಿದ್ಯಾರ್ಥಿ, ಹುಬ್ಬಳ್ಳಿ

ಹಿರಿಯರ ನಡುವೆ ಒಂದು ಪ್ರಶ್ನೆ. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಎಂಬ ಹೆಸರಿನದೇ ಒಂದು ಕನ್ನಡ ಫಾಂಟ್ ಇದೆ, ಆದರೆ ಅದು ಒಂದೇ ದಪ್ಪದ ಗೆರೆಯದು. ರೋಮನ್‌ನಲ್ಲಿ ಪ್ಲೇಫೇರ್ ಡಿಸ್‌ಪ್ಲೇ ಅಥವಾ ಅಬ್ರಿಲ್ ಫ್ಯಾಟ್‌ಫೇಸ್ ಎಂಬ ದಪ್ಪ ತೆಳುವಿನ ಫಾಂಟ್ ಬಳಸಿದಾಗ ಪಕ್ಕದಲ್ಲಿ ಇಡಲು ಸಿದ್ಧವಾಗಿ ಸಿಗುವ ಕನ್ನಡ ಯಾವುದು? ನಾನು ಈವರೆಗೆ ಸಾಮಾನ್ಯ ಕನ್ನಡ ಫಾಂಟ್ ತೆಗೆದುಕೊಂಡು ತಂತ್ರಾಂಶದಲ್ಲಿ ದಪ್ಪ ಮಾಡುವ ಗುಂಡಿ ಒತ್ತುತ್ತಿದ್ದೆ.

ಅಳತೆಗಾರ, ವಿದ್ಯಾನಗರ, ಹುಬ್ಬಳ್ಳಿ

ಆ ಗುಂಡಿಯನ್ನು ದಯವಿಟ್ಟು ಬಿಡಿ. ಫಾಂಟಿನೊಳಗೆ ನಿಜವಾದ ದಪ್ಪ ರೂಪ ಇಲ್ಲದಿದ್ದಾಗ ತಂತ್ರಾಂಶ ಅಕ್ಷರದ ಅಂಚಿಗೆ ಎಲ್ಲ ಕಡೆಯೂ ಒಂದೇ ಅಳತೆಯ ಪಟ್ಟಿ ಕಟ್ಟುತ್ತದೆ. ದಪ್ಪ ಗೆರೆ 10 ಇದ್ದದ್ದು 14 ಆಗುತ್ತದೆ, ತೆಳು ಗೆರೆ 2 ಇದ್ದದ್ದು 6 ಆಗುತ್ತದೆ. ಐದು ಪಟ್ಟು ಇದ್ದ ಅಂತರ ಸುಮಾರು 2.3 ಪಟ್ಟಿಗೆ ಇಳಿಯುತ್ತದೆ, ಒತ್ತಿನ ಹೊಟ್ಟೆ ಮುಚ್ಚುತ್ತದೆ. ಈ ಶೈಲಿಯಲ್ಲಿ ದಪ್ಪವಾಗುವುದು ಎಂದರೆ ದಪ್ಪ ಗೆರೆ ಮಾತ್ರ ಬೆಳೆಯುವುದು, ತೆಳುವಿನದು ಹೆಚ್ಚುಕಡಿಮೆ ಇದ್ದಲ್ಲೇ ಇರುವುದು.

ಸಿದ್ಧ ಫಾಂಟ್ ಬೇಕಾದರೆ ನೋಟೋ ಸೆರಿಫ್ ಕನ್ನಡದಲ್ಲಿ ಅತಿ ತೆಳುವಿನಿಂದ ಅತಿ ದಪ್ಪದವರೆಗೆ ಎಲ್ಲ ತೂಕಗಳೂ, ಅಂದರೆ ಗೆರೆಯ ದಪ್ಪದ ಮಟ್ಟಗಳೂ, ಇವೆ, ಪ್ಲೇಫೇರ್ ಪಕ್ಕದಲ್ಲಿ ಅದರ ದಪ್ಪ ತೂಕ ಕೂರುತ್ತದೆ. ‘ಟೈರೋ ಕನ್ನಡ’ ಫಾಂಟ್ ಪುಸ್ತಕದ ಒಳಪುಟಗಳಿಗೆ ಬಹಳ ಸೊಗಸು, ಆದರೆ ಅದರಲ್ಲಿ ದಪ್ಪ ರೂಪ ಇಲ್ಲ. ‘ಬಾಲೂ ತಮ್ಮ’ ಎಂಬ ಫಾಂಟ್ ದಪ್ಪವಾಗಿದೆ, ಆದರೆ ಗುಣ ಬೇರೆ. ಅದು ಉಬ್ಬಿದ ಸಮ ಗೆರೆಯದು, ಬೊಡೋನಿಯ ಪಕ್ಕದಲ್ಲಿ ಇಟ್ಟರೆ ಎರಡೂ ಒಂದನ್ನೊಂದು ಕೆಡಿಸುತ್ತವೆ.

ಕನ್ನಡ ಮಾಸ್ತರ, ಹಾವೇರಿ

ವಿನ್ಯಾಸಕಿಯವರ ಉತ್ತರವನ್ನು ಎರಡು ಸಲ ಓದಿದೆ. ಕಲ್ಲಚ್ಚಿನ ಮಾತು ಸರಿ, ಒಪ್ಪುತ್ತೇನೆ. ನನ್ನ ಆಕ್ಷೇಪವನ್ನು ಕಿರಿದು ಮಾಡಿ ಹೇಳುತ್ತೇನೆ: ದಪ್ಪ ತೆಳುವಿನ ಅಂತರ ಬರಲಿ, ಆದರೆ ರೋಮನ್‌ನಲ್ಲಿ ತೆಳುವಾಗುವ ಜಾಗಗಳನ್ನೇ ಕನ್ನಡದಲ್ಲಿಯೂ ತೆಳು ಮಾಡಬೇಡಿ. ಯಾವ ಗೆರೆ ಹೋದರೆ ಅಕ್ಷರ ಇನ್ನೊಂದು ಅಕ್ಷರವಾಗುತ್ತದೆಯೋ ಅದಕ್ಕೆ ಮೈ ಇರಲಿ. ಯಾವುದು ಎರಡು ಭಾಗಗಳನ್ನು ಬರೀ ಸೇರಿಸುತ್ತದೆಯೋ ಅದು ಎಷ್ಟು ಬೇಕಾದರೂ ತೆಳುವಾಗಲಿ.

ವಿನ್ಯಾಸಕಿ, ಧಾರವಾಡ

ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಮಾಸ್ತರರ ಕೊನೆಯ ವಾಕ್ಯವನ್ನು ಹಿಡಿದು ಅಕ್ಷರಗಳನ್ನೆಲ್ಲ ಮೊದಲಿನಿಂದ ಬರೆದೆ. ತಲೆಕಟ್ಟನ್ನು ಎರಡು ಭಾಗವಾಗಿ ನೋಡಿದೆ: ಅಕ್ಷರದಿಂದ ಮೇಲೇಳುವ ಕುತ್ತಿಗೆ ಮತ್ತು ಅದರ ತುದಿಯ ಬಾಗು. ಕುತ್ತಿಗೆಯನ್ನು ತೆಳುವಾಗಿ ಬಿಟ್ಟು ಬಾಗಿನಲ್ಲಿ ಗೆರೆ ಅರಳುವಂತೆ ಮಾಡಿದಾಗ ರಕಾರ ದೂರದಿಂದಲೂ ರಕಾರವಾಗಿಯೇ ನಿಂತಿತು. ಧಕಾರದ ಗೀಟನ್ನು ಕೆಳಗೆ ಅಗಲವಾಗುವ ಹನಿಯ ಆಕಾರಕ್ಕೆ ತಂದೆ. ರೋಮನ್ ದಪ್ಪಕ್ಷರದಲ್ಲಿ ಕೆಲವು ಗೆರೆಗಳ ತುದಿಗೆ ಗುಂಡು ಕೂರಿಸುತ್ತಾರಲ್ಲ, ಈ ಹನಿ ಅದರ ನಂಟನ್ನು ನೆನಪಿಸುತ್ತದೆ, ಆದರೆ ಇಲ್ಲಿ ಅದು ಮಹಾಪ್ರಾಣದ ಕೆಲಸ ಮಾಡುತ್ತಿದೆ. ತೆಳು ಗೆರೆಯೆಲ್ಲ ಈಗ ಬಾಗುಗಳು ಕೂಡುವಲ್ಲಿ, ಸುರುಳಿಗಳ ಒಳತಿರುವಿನಲ್ಲಿ ಇದೆ, ಅಲ್ಲಿ ಅದು ಮುಚ್ಚಿದರೂ ಓದು ಕೆಡುವುದಿಲ್ಲ. ವಿಚಿತ್ರವೆಂದರೆ ಅಂತರ ಕಡಿಮೆಯಾದರೂ ಅಕ್ಷರ ಮೊದಲಿಗಿಂತ ಹೆಚ್ಚು ಗಂಭೀರವಾಗಿ ಕಾಣುತ್ತಿದೆ.

ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವುದನ್ನು ಬಿಟ್ಟು ಮೂರು ಅಳತೆಗೆ ಮೂರು ಬರೆದಿದ್ದೇನೆ. ಶೀರ್ಷಿಕೆಗೆ ತೆಳು ಗೆರೆ ಶೇ. 2, ಫಲಕಕ್ಕೆ ಶೇ. 6. ಮುಂದಿನ ಆಮಂತ್ರಣದ ಚಿಕ್ಕ ಸಾಲುಗಳಿಗೆ ಈ ಶೈಲಿಯನ್ನೇ ಕೈಬಿಟ್ಟು ಸಮ ಗೆರೆಯ ಅಕ್ಷರ ಹಾಕಿದೆ. ಅಲ್ಲಿ ಇದಕ್ಕೆ ಜಾಗವಿಲ್ಲ ಎಂದು ಒಪ್ಪಿಕೊಂಡೆ. ಸಾಲಿನ ನಡುವಿನ ಅಂತರವನ್ನೂ ಬಿಡಿಸಿದೆ, ಏಕೆಂದರೆ ರೋಮನ್ ದಪ್ಪಕ್ಷರವನ್ನು ಒತ್ತೊತ್ತಾಗಿ ಪೇರಿಸಿದಂತೆ ಕನ್ನಡವನ್ನು ಪೇರಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಬೀಳುತ್ತದೆ. ಫಲಕ ನಿನ್ನೆ ಬಂತು. ರಸ್ತೆಯ ಆಚೆಯ ಬದಿಯಿಂದ, ಸಂಜೆ ಆರೂವರೆಗೆ, ಮೋಡದ ಬೆಳಕಿನಲ್ಲಿ ‘ಧಾರವಾಡ’ ಎಂದು ಓದಲು ಬಂತು.

ಸಂಕಲನದ ಎರಡನೆಯ ಬಿಡುಗಡೆ ಲಕ್ಷ್ಮೇಶ್ವರದಲ್ಲಿ ಆಗಲಿದೆ. ಕ್ಷಕಾರದ ಕೆಳಗೆ ಮಕಾರದ ಒತ್ತು, ಅದರ ಪಕ್ಕದಲ್ಲಿ ಏತ್ವದ ದೀರ್ಘ, ಅದರ ಬೆನ್ನಿಗೇ ಶಕಾರಕ್ಕೆ ವಕಾರದ ಒತ್ತು. ಇದಕ್ಕೆ ಏನು ಮಾಡಲಿ?

ಮೊಳೆ ಜೋಡಿಸಿದವ, ಗದಗ

ಲಕ್ಷ್ಮೇಶ್ವರ ನಮ್ಮ ಜಿಲ್ಲೆಯ ಊರು, ಆ ಹೆಸರನ್ನು ಲಗ್ನಪತ್ರಿಕೆಗಳಲ್ಲಿ ಎಷ್ಟು ಸಲ ಜೋಡಿಸಿದ್ದೇನೋ ಲೆಕ್ಕವಿಲ್ಲ. ಮಕಾರದ ಒತ್ತನ್ನು ಕ್ಷಕಾರದ ನೇರ ಕೆಳಗೆ ತುರುಕಬೇಡಿ, ಬಲಕ್ಕೆ ಅರ್ಧ ಅಕ್ಷರದಷ್ಟು ಸರಿಸಿ ದೀರ್ಘದ ಅಡಿಗೆ ತನ್ನಿ. ಅಲ್ಲಿ ಖಾಲಿ ಜಾಗ ಇದ್ದೇ ಇರುತ್ತದೆ. ವಕಾರದ ಒತ್ತು ಮತ್ತು ಮಕಾರದ ಒತ್ತು ಒಂದೇ ಗೆರೆಯ ಮೇಲೆ ಕೂರಲಿ, ಒಂದು ಮೇಲೆ ಒಂದು ಕೆಳಗೆ ಆಗದಿರಲಿ. ನನ್ನ ಬಳಿ ಮೊಳೆ ಇಡುವ ಹಳೆಯ ಕೇಸಿನಲ್ಲಿ ಆ ಎರಡೂ ಒತ್ತಿನ ಮೊಳೆಗಳು ಉಳಿದಿವೆ. ಭಾನುವಾರ ಶಾಯಿ ಹಚ್ಚಿ ಬಿಳಿ ಹಾಳೆಯ ಮೇಲೆ ಒತ್ತಿ ನಿಮಗೆ ಕಳಿಸುತ್ತೇನೆ, ಅವುಗಳ ಒಳಗಿನ ಖಾಲಿಯನ್ನು ಅಳೆದು ನೋಡಿ.